ಇಲ್ಲ ಎನ್ನಲು ಬಂದ ಹುಡುಗಿ

ಪ್ರೀತಿಯ ಮಕ್ಕಳೇ, ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಇದನ್ನು ಓದಿ ಹೇಳುವ ಅಜ್ಜ ಅಜ್ಜಿಯಂದಿರೇ,

ಕಳೆದ ಸೋಮವಾರ ನಮ್ಮ ಮನೆಯ ಐದನೇ ತರಗತಿಯ ಮಹಾಶಯನಿಗೆ ಎದ್ದ ಕೂಡಲೇ ಹೊಟ್ಟೆನೋವು ಶುರುವಾಯಿತು. ಜ್ವರವಿಲ್ಲ, ವಾಂತಿಯಿಲ್ಲ. ನೀರುದೋಸೆ ಮಾತ್ರ ಆರು ಒಳಗೆ ಹೋಯಿತು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಟೀಚರಾಗಿದ್ದ ನನಗೆ ಸೋಮವಾರದ ಹೊಟ್ಟೆನೋವು ಯಾವುದು, ನಿಜವಾದ ಹೊಟ್ಟೆನೋವು ಯಾವುದು ಎಂದು ಗೊತ್ತಾಗದೆ ಇರುತ್ತದೆಯೇ? ಅವನ ಅಮ್ಮ ಕೆಲಸಕ್ಕೆ ಹೊರಟ ಮೇಲೆ ಹಿತ್ತಲಿನ ಕಲ್ಲಿನ ಮೇಲೆ ಕೂರಿಸಿ ಕೇಳಿದೆ. ಸ್ವಲ್ಪ ಹೊತ್ತು ಇರುವೆ ನೋಡಿದ. ಆಮೇಲೆ ಬಾಯಿ ಬಿಟ್ಟ.

ಶಾಲೆಯ ವಾರ್ಷಿಕೋತ್ಸವದ ನಾಟಕದಲ್ಲಿ ಅವನ ಗೆಳೆಯನಿಗೆ ರಾಜನ ಪಾತ್ರ. "ನಮ್ಮ ಮಾವನದು ಯಕ್ಷಗಾನದ ಕಿರೀಟ ಇದೆ, ಸೋಮವಾರ ತಂದುಕೊಡುತ್ತೇನೆ" ಎಂದು ಇವನು ಎಲ್ಲರ ಎದುರು ಹೇಳಿಬಿಟ್ಟಿದ್ದಾನೆ. ಮಾವ "ಅದು ಮೇಳದ್ದು ಮಾರಾಯಾ, ಆಟಕ್ಕೆ ಕೊಡುವ ವಸ್ತು ಅಲ್ಲ" ಎಂದಿದ್ದಾರೆ. ಈಗ ಗೆಳೆಯನಿಗೆ ಮುಖ ತೋರಿಸುವುದು ಹೇಗೆ? ಅದಕ್ಕೆ ಹೊಟ್ಟೆನೋವು.

"ಅಷ್ಟೇಯಾ?" ಎಂದೆ. "ಹಾಗಾದರೆ ನಿನಗೆ ಪಕ್ಕದ ಮನೆಯ ಅಕ್ಕನ ಕತೆ ಹೇಳಬೇಕು."

ಅವನಿಗೆ ಹೇಳಿದ್ದನ್ನೇ ಈ ವಾರ ನಿಮಗೂ ಹೇಳುತ್ತೇನೆ.

ನಮ್ಮ ಪಕ್ಕದ ಮನೆಯವರು ಕೊಂಕಣಿ ಮಾತಾಡುವ ಕ್ರೈಸ್ತರು. ಕ್ರಿಸ್ಮಸ್ಸಿಗೆ ಅವರಲ್ಲಿಂದ ನಮಗೆ ಕುಸ್ವಾರ್ ತಟ್ಟೆ ಬರುತ್ತದೆ. ನೆವರಿ, ಕಿಡಿಯೊ, ಗುಳಿಯೊ, ಚಕ್ಕುಲಿ ಎಲ್ಲ ಅದರಲ್ಲಿ. ದೀಪಾವಳಿಗೆ ನಮ್ಮಿಂದ ಅವರಿಗೆ ತಟ್ಟೆ ಹೋಗುತ್ತದೆ. ಆ ಮನೆಯ ಮಗಳು ಚಿಕ್ಕಂದಿನಿಂದ ನನ್ನನ್ನು 'ಟೀಚರಜ್ಜಿ' ಎಂದೇ ಕರೆದವಳು. ಮಂಗಳೂರಿನಲ್ಲಿ ಎಂ.ಎಸ್.ಡಬ್ಲ್ಯೂ. ಅಂದರೆ ಸಮಾಜಕಾರ್ಯದ ಪದವಿ ಓದಿದಳು. 2014ರ ಜುಲೈಯಲ್ಲಿ, ಅವಳಿಗೆ ಇಪ್ಪತ್ತಮೂರು ವರ್ಷವಾಗಿದ್ದಾಗ, ಒಂದು ಕ್ರೈಸ್ತ ಪರಿಹಾರ ಸಂಸ್ಥೆಯಲ್ಲಿ ಐದು ತಿಂಗಳ ಇಂಟರ್ನ್‌ಶಿಪ್ಪಿಗೆಂದು ಫಿಲಿಪ್ಪೀನ್ಸ್ ದೇಶದ ಲೇಯ್ಟೆ ಎಂಬ ದ್ವೀಪಕ್ಕೆ ಹೊರಟಳು.

ಇಂಟರ್ನ್‌ಶಿಪ್ ಎಂದರೆ ಕೆಲಸ ಮಾಡುತ್ತಾ ಕೆಲಸ ಕಲಿಯುವುದು. ಮೇಳಕ್ಕೆ ಸೇರಿದ ಹುಡುಗನಿಗೆ ಮೊದಲ ದಿನವೇ ಅರ್ಜುನನ ವೇಷ ಸಿಗುವುದಿಲ್ಲ. ಕೋಡಂಗಿ, ಬಾಲಗೋಪಾಲರಿಂದ ಶುರು. ಇದೂ ಹಾಗೆಯೇ.

ಅಟ್ಲಾಸ್ ಇದ್ದವರು ತೆರೆಯಿರಿ. ಫಿಲಿಪ್ಪೀನ್ಸ್‌ನಲ್ಲಿ 7,600ಕ್ಕೂ ಹೆಚ್ಚು ದ್ವೀಪಗಳಿವೆ. ಪೂರ್ವದ ಅಂಚಿನಲ್ಲಿ ಸಾಮಾರ್, ಲೇಯ್ಟೆ ಎಂಬ ಎರಡು ದ್ವೀಪಗಳು ಒಂದಕ್ಕೊಂದು ತಾಗಿದ ಹಾಗೆ ಕಾಣುತ್ತವೆ. ನಡುವೆ ಸಪೂರ ಜಲಸಂಧಿ. ಅದರ ಮೇಲೆ 2 ಕಿಲೋಮೀಟರಿಗೂ ಉದ್ದದ ಸಾನ್ ಹುವಾನಿಕೊ ಸೇತುವೆ. ಲೇಯ್ಟೆಯ ದೊಡ್ಡ ಊರು ಟಕ್ಲೋಬಾನ್. ಅದು ನಮ್ಮ ಮಂಗಳೂರಿಗಿಂತ ಸ್ವಲ್ಪವೇ ದಕ್ಷಿಣದ ಅಕ್ಷಾಂಶದಲ್ಲಿದೆ. ಹಾಗಾಗಿ ಅಲ್ಲಿಯೂ ತೆಂಗು, ಹಲಸು, ಬಾಳೆ, ಕೆಸು, ಭತ್ತದ ಗದ್ದೆ, ಬೆವರು ಎಲ್ಲ ಇವೆ. "ವಿಮಾನದಿಂದ ಇಳಿದಾಗ ಉಳ್ಳಾಲಕ್ಕೆ ಬಂದ ಹಾಗಾಯಿತು ಟೀಚರಜ್ಜಿ. ಆದರೆ ತೆಂಗಿನ ಮರಗಳಿಗೆ ತಲೆಯೇ ಇರಲಿಲ್ಲ" ಎಂದು ಮೊದಲ ಭಾನುವಾರ ಫೋನಿನಲ್ಲಿ ಹೇಳಿದಳು.

ತಲೆ ಯಾಕಿರಲಿಲ್ಲ? 2013ರ ನವೆಂಬರ್ 8, ಶುಕ್ರವಾರ, ಬೆಳಗಿನ ಜಾವ ಹೈಯಾನ್ ಎಂಬ ಚಂಡಮಾರುತ ಸಾಮಾರ್ ದ್ವೀಪದ ಗಿವಾನ್ ಎಂಬಲ್ಲಿ ನೆಲಕ್ಕೆ ಅಪ್ಪಳಿಸಿ, ಲೇಯ್ಟೆಯನ್ನು ಹಾದುಹೋಯಿತು. ಆ ದೇಶದವರು ಚಂಡಮಾರುತಗಳಿಗೆ ತಮ್ಮದೇ ಹೆಸರಿಡುತ್ತಾರೆ. ಇದಕ್ಕೆ ಅವರಿಟ್ಟ ಹೆಸರು ಯೋಲಾಂಡಾ. ಗಾಳಿಯ ವೇಗ ಗಂಟೆಗೆ 230 ಕಿಲೋಮೀಟರಿಗೂ ಮೇಲೆ. 6,300ಕ್ಕೂ ಹೆಚ್ಚು ಜನ ಸತ್ತರು, ಸಾವಿರಕ್ಕೂ ಹೆಚ್ಚು ಜನ ಇವತ್ತಿಗೂ ಸಿಕ್ಕಿಲ್ಲ. ಸುಮಾರು 40 ಲಕ್ಷ ಜನ ಮನೆ ಬಿಡಬೇಕಾಯಿತು. 3 ಕೋಟಿಗೂ ಹೆಚ್ಚು ತೆಂಗಿನ ಮರಗಳು ಉರುಳಿದವು ಇಲ್ಲವೇ ಹಾಳಾದವು. ತೆಂಗಿನ ತೋಟ ಇರುವ ಅಜ್ಜಂದಿರಿಗೆ ಇದರ ಅರ್ಥ ಬೇರೆ ಹೇಳಬೇಕಾಗಿಲ್ಲ. ಇವತ್ತು ಸಸಿ ನೆಟ್ಟರೆ ಕಾಯಿ ಬೀಳಲು ಆರೇಳು ವರ್ಷ ಬೇಕು. ಅಲ್ಲಿಯವರೆಗೆ ಉಣ್ಣುವುದೇನು?

ಆದರೆ ಟಕ್ಲೋಬಾನಿನಲ್ಲಿ ಹೆಚ್ಚು ಜೀವ ತೆಗೆದದ್ದು ಗಾಳಿಯಲ್ಲ, ನೀರು. ಹೇಗೆ ಎಂದು ತಿಳಿಯಬೇಕಾದರೆ ಒಂದು ಅಗಲ ತಟ್ಟೆಯಲ್ಲಿ ನೀರು ಹಾಕಿ ಒಂದು ಕಡೆಯಿಂದ ಜೋರಾಗಿ ಊದಿ. ಎದುರಿನ ಅಂಚಿನಲ್ಲಿ ನೀರು ಏರುತ್ತದಲ್ಲ? ಚಂಡಮಾರುತವೂ ಕಡಲನ್ನು ಹಾಗೆಯೇ ಊದುತ್ತದೆ. ಅದರ ಮಧ್ಯದಲ್ಲಿ ಗಾಳಿಯ ಒತ್ತಡ ತುಂಬ ಕಡಿಮೆ ಇರುವುದರಿಂದ ನೀರು ತಾನಾಗಿಯೂ ಒಂದಿಷ್ಟು ಉಬ್ಬುತ್ತದೆ. ಟಕ್ಲೋಬಾನ್ ಇರುವುದು ಆಳವಿಲ್ಲದ ಒಂದು ಕೊಲ್ಲಿಯ ತುದಿಯಲ್ಲಿ. ಕೊಲ್ಲಿ ಆಲಿಕೆಯ ಹಾಗೆ ಒಳಗೆ ಬಂದಂತೆ ಕಿರಿದಾಗುತ್ತದೆ. ಊದಿದ ನೀರಿಗೆ ಪಕ್ಕಕ್ಕೆ ಸರಿಯಲು ಜಾಗವಿಲ್ಲ, ಮೇಲೇರುವುದೊಂದೇ ದಾರಿ. ಐದಾರು ಮೀಟರ್ ಎತ್ತರಕ್ಕೆ ಏರಿದ ಕಡಲು ಊರೊಳಗೆ ಬಂತು. ದೊಡ್ಡ ದೊಡ್ಡ ಹಡಗುಗಳು ಮನೆಗಳ ಮೇಲೆ ಬಂದು ಕೂತವು. ಜನ ಆಶ್ರಯಕ್ಕೆಂದು ಹೋಗಿದ್ದ ಕೆಲವು ಕಟ್ಟಡಗಳಿಗೂ ನೀರು ನುಗ್ಗಿತು.

ಎಚ್ಚರಿಕೆ ಕೊಟ್ಟಿರಲಿಲ್ಲವೇ? ಕೊಟ್ಟಿದ್ದರು. ರೇಡಿಯೋ, ಟಿವಿಗಳಲ್ಲಿ 'ಸ್ಟಾರ್ಮ್ ಸರ್ಜ್' ಬರುತ್ತದೆ ಎಂದು ಹೇಳಿದ್ದರು. ಬಿರುಗಾಳಿಗೆ ಕಡಲು ಉಬ್ಬಿ ಬರುವುದು ಎಂದು ಅದರ ಅರ್ಥ. ಆದರೆ ಆ ಇಂಗ್ಲಿಷ್ ಮಾತು ಬಹಳ ಜನರಿಗೆ ಅರ್ಥವಾಗಲಿಲ್ಲ. ಅಲ್ಲಿನವರ ಆಡುಮಾತು ವಾರಾಯ್. "ಸುನಾಮಿಯ ಹಾಗೆ ನೀರು ಬರುತ್ತದೆ ಎಂದಿದ್ದರೆ ಓಡುತ್ತಿದ್ದೆವು" ಎಂದು ಆಮೇಲೆ ಎಷ್ಟೋ ಮಂದಿ ಹೇಳಿದರು. ಒಂದು ಶಬ್ದ ಅರ್ಥವಾಗದೆ ಹೋದರೆ ಎಷ್ಟು ಬೆಲೆ ತೆರಬೇಕಾಗುತ್ತದೆ ನೋಡಿ.

ಇಂಥ ಊರಿಗೆ, ಎಂಟು ತಿಂಗಳ ನಂತರ, ನಮ್ಮ ಹುಡುಗಿ ಹೋದದ್ದು. ಏನೇನೋ ದೊಡ್ಡ ಕೆಲಸ ಮಾಡುವ ಕನಸು. ಮೊದಲ ದಿನ ಅವಳ ಮೇಲ್ವಿಚಾರಕಿ, ಆ ದೇಶದವರೇ ಆದ ಒಬ್ಬ ವಯಸ್ಸಾದ ಸಿಸ್ಟರ್, ಮೂರು ಮಾತು ಹೇಳಿದರಂತೆ.

"ಒಂದು, ಕೊಡುವ ಮೊದಲು ಯಾವ ದೇವರು ಎಂದು ಕೇಳಬೇಡ. ಎರಡು, ಅಳುವ ಮಗುವಿನ ಫೋಟೋ ತೆಗೆಯಬೇಡ. ಮೂರು, ನಿನ್ನ ಕೈಯಲ್ಲಿ ಇಲ್ಲದ್ದನ್ನು ಕೊಡುತ್ತೇನೆ ಎನ್ನಬೇಡ."

ಮೊದಲನೆಯದು ಕೇಳಿ ಇವಳಿಗೆ ಆಶ್ಚರ್ಯ. "ಸಿಸ್ಟರ್, ಇಲ್ಲಿ ಹೆಚ್ಚಿನವರು ನಮ್ಮ ಇಗರ್ಜಿಯವರೇ ಅಲ್ಲವೇ?" ಎಂದು ಕೇಳಿದಳು.

"ಬೇರೆ ಸಭೆಯವರಿದ್ದಾರೆ, ಮುಸ್ಲಿಮರಿದ್ದಾರೆ. ದೇವರ ಮೇಲೆ ಸಿಟ್ಟುಗೊಂಡು ಇಗರ್ಜಿಗೆ ಬರುವುದನ್ನೇ ಬಿಟ್ಟವರೂ ಇದ್ದಾರೆ. ಅವರೆಲ್ಲರ ಮನೆಯ ಮಾಡೂ ಹಾರಿಹೋಗಿದೆ" ಎಂದರು ಸಿಸ್ಟರ್.

ಇದು ಆ ಸಿಸ್ಟರ್ ಒಬ್ಬರ ಮಾತಲ್ಲ. ಪರಿಹಾರ ಸಂಸ್ಥೆಗಳು ಹೇಗೆ ನಡೆದುಕೊಳ್ಳಬೇಕು ಎಂದು ರೆಡ್ ಕ್ರಾಸ್ ಮತ್ತು ಇತರ ಸಂಸ್ಥೆಗಳು ಸೇರಿ 1994ರಲ್ಲಿ ಒಂದು ನಿಯಮಾವಳಿ ಮಾಡಿವೆ. ಜಾತಿ, ಮತ, ದೇಶ ನೋಡದೆ ಕೊಡಬೇಕು, ಸಹಾಯವನ್ನು ಮತ ಅಥವಾ ಪಕ್ಷ ಬೆಳೆಸುವ ಸಾಧನ ಮಾಡಿಕೊಳ್ಳಬಾರದು ಎಂದು ಅದರಲ್ಲಿದೆ. ಅನೇಕ ಕ್ರೈಸ್ತ ಸಂಸ್ಥೆಗಳು ಅದಕ್ಕೆ ಸಹಿ ಹಾಕಿವೆ. ಟಕ್ಲೋಬಾನಿಗೆ ಎಲ್ಲ ಬಗೆಯವರೂ ಬಂದಿದ್ದರು. ತೈವಾನಿನ ತ್ಸು ಚಿ ಎಂಬ ಬೌದ್ಧ ಸಂಸ್ಥೆ ಊರಿನವರಿಗೇ ದಿನಕ್ಕೆ 500 ಪೆಸೊ ಕೂಲಿ ಕೊಟ್ಟು, ಅವರ ಬೀದಿಯನ್ನು ಅವರಿಂದಲೇ ಚೊಕ್ಕ ಮಾಡಿಸಿತು. ಕೈಗೆ ದುಡ್ಡೂ ಬಂತು, ಬೀದಿಯ ಕಸವೂ ಹೋಯಿತು. ಎಲ್ಲಕ್ಕಿಂತ ಹೆಚ್ಚಾಗಿ, ಸುಮ್ಮನೆ ಕೂತು ಶೋಕಿಸುತ್ತಿದ್ದವರು ಎದ್ದು ನಿಂತರು.

ನಮ್ಮ ಹುಡುಗಿಗೆ ಸಿಕ್ಕಿದ ಕೆಲಸ ಏನು ಗೊತ್ತೇ? ಮೊಳೆ ಲೆಕ್ಕ ಮಾಡುವುದು! ಒಂದು ಮನೆಗೆ ಇಷ್ಟು ತಗಡಿನ ಶೀಟು, ಇಷ್ಟು ಕಿಲೋ ಮೊಳೆ, ಮಾಡಿನ ತೊಲೆಯನ್ನು ಕಂಬಕ್ಕೆ ಬಿಗಿಯುವ ಇಷ್ಟು ಕಬ್ಬಿಣದ ಪಟ್ಟಿ. ಪಟ್ಟಿ ಬರೆಯುವುದು, ಸಹಿ ಹಾಕಿಸುವುದು. "ಇದಕ್ಕೆ ಎಂ.ಎಸ್.ಡಬ್ಲ್ಯೂ. ಓದಬೇಕಿತ್ತಾ ಟೀಚರಜ್ಜಿ?" ಎಂದು ಅತ್ತಳು.

ಸ್ವಲ್ಪ ದಿನ ಹೋದ ಮೇಲೆ ಮೊಳೆಯ ಮಹತ್ವ ತಿಳಿಯಿತು. ಮೊಳೆ ಕಡಿಮೆ ಹೊಡೆದ ಮಾಡು ಮುಂದಿನ ಗಾಳಿಗೆ ಹಾರುತ್ತದೆ. ಹಾರಿದ ತಗಡು ಕತ್ತಿಯ ಹಾಗೆ ಜನರನ್ನು ಕೊಯ್ಯುತ್ತದೆ. ಊರಿನ ಬಡಗಿಗಳ ಜೊತೆ ನಿಂತು ಅವಳು ಕಲಿತದ್ದು ಇಷ್ಟು: ಮಾಡು ತೀರ ಚಪ್ಪಟೆ ಇರಬಾರದು, ಕಂಬ ಆಳಕ್ಕೆ ಹೋಗಬೇಕು, ಗೋಡೆಯ ಚೌಕಟ್ಟಿಗೆ ಓರೆಯಾಗಿ ಅಡ್ಡಪಟ್ಟಿ ಹೊಡೆಯಬೇಕು. ಉರುಳಿದ ತೆಂಗಿನ ಮರಗಳನ್ನೇ ಹಲಗೆ ಸಿಗಿದು ಮನೆ ಕಟ್ಟುತ್ತಿದ್ದರು. ಅದರಲ್ಲಿಯೂ ಅವಸರವಿತ್ತು. ಬಿದ್ದ ಮರ ಹಾಗೆಯೇ ಕೊಳೆತರೆ ಅದರಲ್ಲಿ ಕುರುವಾಯಿ ಕೀಟ ಮೊಟ್ಟೆಯಿಡುತ್ತದೆ, ನಿಂತಿರುವ ಮರಗಳ ಸುಳಿಯನ್ನೂ ಕೊರೆದು ಹಾಕುತ್ತದೆ. ಇದನ್ನು ಅವಳು ಹೇಳಿದಾಗ ನಮ್ಮ ಮನೆಯ ಅಜ್ಜನವರು ಫೋನ್ ಕಿತ್ತುಕೊಂಡು ಹದಿನೈದು ನಿಮಿಷ ಮಾತಾಡಿದರು!

ಈಗ ಕತೆಯ ಮುಖ್ಯ ಭಾಗಕ್ಕೆ ಬರುತ್ತೇನೆ.

ಕಡಲ ದಂಡೆಯಲ್ಲೇ ಹರಿದ ಟರ್ಪಾಲಿನ ಕೆಳಗೆ ಒಬ್ಬ ಅಜ್ಜಿ ಇದ್ದರು. ಅಲ್ಲಿ ಅಜ್ಜಿಗೆ 'ಲೋಲಾ' ಎನ್ನುತ್ತಾರೆ, ಅಜ್ಜನಿಗೆ 'ಲೋಲೊ'. ಈ ಲೋಲಾಗೆ ಎಪ್ಪತ್ತೆಂಟು ವರ್ಷ. ಮಗ, ಸೊಸೆ ಆ ದಿನ ನೀರಿಗೆ ಹೋದರು. ಉಳಿದವನು ಎಂಟು ವರ್ಷದ ಮೊಮ್ಮಗ ಒಬ್ಬ. ನಮ್ಮ ಹುಡುಗಿ ಮೊದಲ ಸಲ ಹೋದಾಗ ಆ ಹುಡುಗ ಓಡಿಬಂದು ಅವಳ ಕೈ ಹಿಡಿದು ತನ್ನ ಹಣೆಗೆ ಮುಟ್ಟಿಸಿಕೊಂಡ. ಹಿರಿಯರಿಗೆ ಮರ್ಯಾದೆ ಕೊಡುವ ಅವರ ರೀತಿ ಅದು. ನಾವು ಕಾಲಿಗೆ ನಮಸ್ಕಾರ ಮಾಡುವ ಹಾಗೆ. ಇವಳ ಮನೆಯಲ್ಲಿ ಸಂಜೆ ತೇರ್ಸ್ ಪ್ರಾರ್ಥನೆ ಮುಗಿದ ಮೇಲೆ ಮಕ್ಕಳು ಹಿರಿಯರ ಹತ್ತಿರ 'ಬೆಸಾಂವ್' ಕೇಳುವ ಹಾಗೆ. ಹುಡುಗಿಗೆ ಮನೆ ನೆನಪಾಯಿತು, ಕರುಳು ಚುರ್ ಎಂದಿತು. "ಲೋಲಾ, ನಾಳೆ ನಿಮಗೆ ತಗಡು ತಂದುಕೊಡುತ್ತೇನೆ" ಎಂದುಬಿಟ್ಟಳು. ಜೊತೆಗಿದ್ದ ಊರಿನ ಹುಡುಗ ಅದನ್ನು ವಾರಾಯ್ ಭಾಷೆಯಲ್ಲಿ ಹೇಳುವ ಮೊದಲು ಒಂದು ಕ್ಷಣ ಇವಳ ಮುಖ ನೋಡಿದನಂತೆ. ಇವಳಿಗೆ ಯಾಕೆಂದು ತಿಳಿಯಲಿಲ್ಲ.

ಕಚೇರಿಗೆ ಬಂದ ಮೇಲೆ ತಿಳಿಯಿತು. ಇನ್ನೊಮ್ಮೆ ಹೀಗಾಗಬಾರದು ಎಂದು ಸರ್ಕಾರ ಕಡಲ ದಂಡೆಯಿಂದ 40 ಮೀಟರ್ ಒಳಗೆ ಯಾರೂ ಮನೆ ಕಟ್ಟಬಾರದು ಎಂದು ಗೆರೆ ಎಳೆದಿತ್ತು. ಲೋಲಾ ಇದ್ದದ್ದು ಗೆರೆಯ ಒಳಗೆ. ಅಲ್ಲಿಗೆ ಕುಡಿಯುವ ನೀರು, ಅಕ್ಕಿ, ಟರ್ಪಾಲು ಕೊಡಬಹುದು. ಮನೆ ಕಟ್ಟುವ ತಗಡು ಕೊಡುವಂತಿಲ್ಲ. ಹುಡುಗಿ ವಾದಿಸಿದಳು, ಅತ್ತಳು. ಸಿಸ್ಟರ್ ಗದರಲಿಲ್ಲ. "ತಪ್ಪು ಮಾಡಿದೆ. ಈಗ ಎರಡು ದಾರಿ. ಆ ಕಡೆ ಹೋಗುವುದನ್ನೇ ಬಿಡುವುದು ಒಂದು. ನಾಳೆ ಹೋಗಿ ಇಲ್ಲ ಎಂದು ಹೇಳುವುದು ಇನ್ನೊಂದು. ಮೊದಲನೆಯದು ಸುಲಭ" ಎಂದರು.

ಆ ರಾತ್ರಿ ಅವಳಿಗೂ ಹೊಟ್ಟೆನೋವು ಬಂತಂತೆ. (ಇದನ್ನು ಹೇಳುವಾಗ ನಮ್ಮ ಮಹಾಶಯ ತಲೆ ತಗ್ಗಿಸಿದ.)

ಬೆಳಿಗ್ಗೆ ಎದ್ದು ಹೋದಳು. ಬರಿಗೈಯಲ್ಲಿ. ಲೋಲಾ ಆಗಲೇ ಟರ್ಪಾಲು ಬಿಚ್ಚಿ ಮಡಚಿ ಇಟ್ಟಿದ್ದರು, ತಗಡು ಬರುತ್ತದೆ ಎಂದು. ಅದನ್ನು ನೋಡಿ ಇವಳ ಗಂಟಲು ಕಟ್ಟಿತು. ಆದರೂ ಹೇಳಿದಳು. "ಲೋಲಾ, ನಾನು ತಿಳಿಯದೆ ಮಾತು ಕೊಟ್ಟೆ. ತಗಡು ಕೊಡಲು ಆಗುವುದಿಲ್ಲ. ತಪ್ಪು ನನ್ನದು."

ಲೋಲಾ ಏನೂ ಹೇಳಲಿಲ್ಲ. ಬೆನ್ನು ತಿರುಗಿಸಿ ಮಡಚಿದ ಟರ್ಪಾಲನ್ನು ಮತ್ತೆ ಬಿಡಿಸತೊಡಗಿದರು. ಹುಡುಗಿ ಇನ್ನೊಂದು ತುದಿ ಹಿಡಿದಳು. ಇಬ್ಬರೂ ಮಾತಾಡದೆ ಅದನ್ನು ಕಟ್ಟಿದರು. ಮರುದಿನವೂ ಇವಳು ಹೋದಳು. ಲೋಲಾ ಆವತ್ತೂ ಮಾತಾಡಲಿಲ್ಲ. ಮೂರನೆಯ ದಿನ ಹೋದಾಗ ಲೋಲಾ ಬಾಳೆಎಲೆಯಲ್ಲಿ ಸುತ್ತಿದ ಒಂದು ತೆಂಗಿನ ಗರಟೆಯನ್ನು ಮುಂದಿಟ್ಟರು. ಒಳಗೆ ಬಿನಾಗೊಲ್, ಕೆಸುವಿನ ಜಾತಿಯ ಗಡ್ಡೆ ತುರಿದು, ತೆಂಗಿನಹಾಲು ಸಕ್ಕರೆ ಹಾಕಿ ಗರಟೆಯಲ್ಲೇ ಬೇಯಿಸುವ ಲೇಯ್ಟೆಯ ಸಿಹಿ.

"ನಾಳೆ ಬರುತ್ತೇನೆ ಎಂದವರು ತುಂಬ ಮಂದಿ ಬಂದುಹೋದರು" ಎಂದರು ಲೋಲಾ. "ಇಲ್ಲ ಎಂದು ಹೇಳಲು ಯಾರೂ ತಿರುಗಿ ಬಂದಿರಲಿಲ್ಲ. ಕೂತುಕೋ, ತಿನ್ನು."

ಆಮೇಲೆ ಅವಳು ಮಾಡಿದ ಕೆಲಸ ಫೋಟೋ ತೆಗೆಯುವಂಥದ್ದಲ್ಲ. ಗೆರೆಯೊಳಗಿನವರಿಗೆ ಬೇರೆ ಕಡೆ ಮನೆ ಸಿಗಬೇಕಾದರೆ ಸರ್ಕಾರದ ಪಟ್ಟಿಯಲ್ಲಿ ಹೆಸರಿರಬೇಕು. ಹೆಸರು ಸೇರಲು ಕಾಗದಪತ್ರ ಬೇಕು. ಲೋಲಾನ ಕಾಗದವೆಲ್ಲ ಕಡಲು ಪಾಲಾಗಿತ್ತು. ಮೊಮ್ಮಗನ ಜನನ ಪತ್ರವೂ ಇಲ್ಲ, ಮಗ ಸತ್ತ ದಾಖಲೆಯೂ ಇಲ್ಲ. ಅಲ್ಲಿ ಊರಿನ ವಾರ್ಡಿಗೆ ಬರಂಗೈ ಎನ್ನುತ್ತಾರೆ. ಬರಂಗೈ ಮುಖ್ಯಸ್ಥರಿಂದ ಪತ್ರ, ಇಗರ್ಜಿಯ ಜ್ಞಾನಸ್ನಾನದ ದಾಖಲೆ, ಇನ್ನೊಂದು ಕಚೇರಿಯ ಮೊಹರು... ಕ್ಯೂ ನಿಂತು, ತಿರುಗಿ ಕಳಿಸಿದರೆ ಮತ್ತೆ ಹೋಗಿ, ಕೊನೆಗೆ ಎರಡು ಹೆಸರು ಪಟ್ಟಿಗೆ ಸೇರಿಸಿದಳು. "ಐದು ತಿಂಗಳಲ್ಲಿ ನಾನು ಪೂರ್ತಿ ಮಾಡಿದ ಕೆಲಸ ಅಂದರೆ ಅದೊಂದೇ ಟೀಚರಜ್ಜಿ" ಎನ್ನುತ್ತಾಳೆ. ಅದು ಕಡಿಮೆಯೇ?

ಕ್ಯೂ ನಿಲ್ಲುವಾಗ ಮಾತು ಬೆಳೆಯುತ್ತದಲ್ಲ. ಒಂದು ದಿನ ಲೋಲಾ ತಾನು ಯಾರಿಗೂ ಹೇಳದ ಒಂದು ವಿಷಯ ಹೇಳಿದರು. ಅವರು ಚಿಕ್ಕವರಿದ್ದಾಗ ಅವರ ಅಜ್ಜಿ ಒಂದು ಕತೆ ಹೇಳುತ್ತಿದ್ದರಂತೆ. ತಾನು ಹುಡುಗಿಯಾಗಿದ್ದಾಗ ದೊಡ್ಡ ಗಾಳಿ ಬಂದು, ಅದರ ಬೆನ್ನಿಗೆ ಕಡಲೇ ಎದ್ದು ಊರಿಗೆ ಬಂದಿತ್ತು ಎಂದು. "ನಮ್ಮನ್ನು ಹೆದರಿಸಿ ಮಲಗಿಸಲು ಹೇಳುವ ಕತೆ ಎಂದುಕೊಂಡಿದ್ದೆ. ನನ್ನ ಮಗನಿಗೆ ಹೇಳಲೇ ಇಲ್ಲ" ಎಂದು ಲೋಲಾ ಕಣ್ಣೊರೆಸಿಕೊಂಡರು.

ಮಕ್ಕಳೇ, ಅದು ಬರೀ ಕತೆಯಾಗಿರಲಿಲ್ಲ. 1897ರ ಅಕ್ಟೋಬರಿನಲ್ಲಿ ಸಾಮಾರ್ ಮತ್ತು ಲೇಯ್ಟೆಗೆ ಇಂಥದ್ದೇ ಚಂಡಮಾರುತ ಬಂದು, ಹೀಗೆಯೇ ಕಡಲು ಉಕ್ಕಿತ್ತು. ಹೊಸೆ ಅಲ್ಗೆ ಎಂಬ ಜೆಸುಯಿಟ್ ಪಾದ್ರಿ, ಹವಾಮಾನ ವಿಜ್ಞಾನಿ, ಅದರ ಬಗ್ಗೆ ಪುಸ್ತಕವನ್ನೇ ಬರೆದಿದ್ದರು. ಪುಸ್ತಕ ಕಪಾಟಿನಲ್ಲಿ ಉಳಿಯಿತು. 116 ವರ್ಷಗಳಲ್ಲಿ ಜನರ ಬಾಯಿಂದ ಕತೆ ಮಾಯವಾಯಿತು.

ಇದಕ್ಕೆ ತದ್ವಿರುದ್ಧವಾದ ಇನ್ನೊಂದು ದ್ವೀಪದ ಕತೆ ಹೇಳುತ್ತೇನೆ. ಇಂಡೊನೇಷ್ಯಾದಲ್ಲಿ ಸಿಮೆಲುವೆ ಎಂಬ ದ್ವೀಪವಿದೆ. 1907ರಲ್ಲಿ ಅಲ್ಲಿ ಭೂಕಂಪವಾಗಿ ಸುನಾಮಿ ಬಂದು ಬಹಳ ಜನ ಸತ್ತರು. ಬದುಕುಳಿದವರು ಅದಕ್ಕೆ ತಮ್ಮ ಭಾಷೆಯಲ್ಲೇ 'ಸ್ಮೊಂಗ್' ಎಂದು ಹೆಸರಿಟ್ಟರು. ನೆಲ ಜೋರಾಗಿ ನಡುಗಿ, ಕಡಲು ಹಿಂದೆ ಸರಿದರೆ ಗುಡ್ಡಕ್ಕೆ ಓಡಬೇಕು ಎಂದು ಮಕ್ಕಳಿಗೆ, ಮೊಮ್ಮಕ್ಕಳಿಗೆ ಕತೆಯಾಗಿ, ಜೋಗುಳವಾಗಿ ಹೇಳುತ್ತಾ ಬಂದರು. 2004ರ ಡಿಸೆಂಬರ್ 26ರಂದು ನೆಲ ನಡುಗಿತು. 97 ವರ್ಷದ ಹಿಂದಿನ ಶಬ್ದ ಎಲ್ಲರ ಬಾಯಲ್ಲಿ ಒಟ್ಟಿಗೆ ಬಂತು: ಸ್ಮೊಂಗ್! ಎಲ್ಲರೂ ಗುಡ್ಡ ಹತ್ತಿದರು. ದ್ವೀಪದಲ್ಲಿದ್ದವರು ಸುಮಾರು 78 ಸಾವಿರ ಜನ. ಸತ್ತವರು 7 ಮಂದಿ.

ಅಲ್ಲಿ ಸೈರನ್ ಇರಲಿಲ್ಲ, ಮೊಬೈಲ್ ಎಚ್ಚರಿಕೆ ಇರಲಿಲ್ಲ. ಅಜ್ಜಿಯರ ಬಾಯಿ ಇತ್ತು, ಮಕ್ಕಳ ಕಿವಿ ಇತ್ತು.

ಲೋಲಾನ ಕತೆಗೆ ತಿರುಗಿ ಬರೋಣ. ಇವಳು ಊರಿಗೆ ಹೊರಡುವ ದಿನ ಹತ್ತಿರ ಬಂದಾಗ, ಡಿಸೆಂಬರ್ ಮೊದಲ ವಾರ, ಇನ್ನೊಂದು ದೊಡ್ಡ ಚಂಡಮಾರುತ ಬರುತ್ತಿದೆ ಎಂಬ ಸುದ್ದಿ ಬಂತು. ಅದಕ್ಕೆ ಅಲ್ಲಿನವರು ಇಟ್ಟ ಹೆಸರು ರೂಬಿ. ಕಳೆದ ವರ್ಷದ ಗಾಯ ಆರಿರಲಿಲ್ಲ. ಆದರೆ ಈ ಸಲ ಜನ ಕಾಯಲಿಲ್ಲ. ದೇಶದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನ ಮೊದಲೇ ಸುರಕ್ಷಿತ ಜಾಗಗಳಿಗೆ ಹೋದರು. ಇವಳು ಲೋಲಾನನ್ನು ಕರೆದೊಯ್ಯಲು ದಂಡೆಗೆ ಓಡಿದರೆ ಟರ್ಪಾಲಿನ ಕೆಳಗೆ ಯಾರೂ ಇಲ್ಲ! ಎದೆ ಧಸಕ್ ಎಂದಿತು. ಹುಡುಕುತ್ತಾ ಎತ್ತರದ ಜಾಗದ ಶಾಲೆಗೆ ಹೋದರೆ, ಲೋಲಾ ಎಲ್ಲರಿಗಿಂತ ಮೊದಲೇ ಬಂದು ಗೋಡೆಗೆ ಒರಗಿ ಕೂತಿದ್ದಾರೆ. ಸುತ್ತ ಇಪ್ಪತ್ತು ಮಕ್ಕಳು. ತನ್ನ ಅಜ್ಜಿಯ ಕತೆ ಹೇಳುತ್ತಿದ್ದಾರೆ. ಗಾಳಿ ಬಂದಿತ್ತು, ಬೆನ್ನಿಗೆ ಕಡಲು ಬಂದಿತ್ತು ಎಂದು. ಮೊಮ್ಮಗ ಪಕ್ಕದಲ್ಲಿ ಕೂತು, ಕತೆ ಆಗಲೇ ಬಾಯಿಪಾಠವಾದವನ ಹಾಗೆ, ಮುಂದಿನ ಸಾಲನ್ನು ತಾನೇ ಹೇಳುತ್ತಿದ್ದಾನೆ.

ರೂಬಿ ಡಿಸೆಂಬರ್ 6ರ ರಾತ್ರಿ ಸಾಮಾರ್ ದ್ವೀಪಕ್ಕೆ ಅಪ್ಪಳಿಸಿತು. ಮನೆಗಳು ಬಿದ್ದವು. ಆದರೆ ಇಡೀ ದೇಶದಲ್ಲಿ ಸತ್ತವರ ಸಂಖ್ಯೆ 20ನ್ನೂ ಮುಟ್ಟಲಿಲ್ಲ.

ನಮ್ಮ ಹುಡುಗಿ ಕ್ರಿಸ್ಮಸ್ಸಿಗೆ ಎರಡು ದಿನ ಇರುವಾಗ ಮನೆಗೆ ಬಂದಳು. ಆ ವರ್ಷದ ಕುಸ್ವಾರ್ ತಟ್ಟೆಯನ್ನು ಅವಳೇ ಹಿಡಿದು ತಂದಳು. ತಟ್ಟೆಯ ಮಧ್ಯದಲ್ಲಿ ಒಂದು ಖಾಲಿ ತೆಂಗಿನ ಗರಟೆ, ಒರೆಸಿ ನುಣುಪು ಮಾಡಿದ್ದು. ಈಗಲೂ ನನ್ನ ಕಪಾಟಿನಲ್ಲಿದೆ. ಲೋಲಾಗೆ ಕೆಲವು ವರ್ಷಗಳ ನಂತರ ನಗರದ ಉತ್ತರಕ್ಕೆ ಕಟ್ಟಿದ ಪುನರ್ವಸತಿ ಬಡಾವಣೆಯಲ್ಲಿ ಮನೆ ಸಿಕ್ಕಿತಂತೆ. ಗಟ್ಟಿ ಗೋಡೆಯ ಮನೆ. ಆದರೆ ಕಡಲು ದೂರ, ಪೇಟೆ ದೂರ, ನೀರಿಗೂ ತಾಪತ್ರಯ. ಎಲ್ಲ ಸರಿಹೋಯಿತು ಎಂದು ಹೇಳಿ ಕತೆ ಮುಗಿಸಲು ನನಗೂ ಆಸೆ. ಆದರೆ ಇಲ್ಲದ್ದನ್ನು ಹೇಳಬಾರದು ಎಂಬುದೇ ಈ ಕತೆಯ ನೀತಿಯಲ್ಲವೇ?

ಇಷ್ಟು ಕೇಳಿ ನಮ್ಮ ಮಹಾಶಯ ಹಿತ್ತಲಿನ ಕಲ್ಲಿನಿಂದ ಎದ್ದ. "ಅಜ್ಜೀ, ಈಗ ಹೋದರೆ ಎರಡನೇ ಪೀರಿಯಡ್ಡಿಗೆ ಮುಟ್ಟಬಹುದಾ?" ಎಂದ. ಹೋದ. ಸಂಜೆ ಬಂದವನ ಮುಖ ಹಗುರವಾಗಿತ್ತು. ಗೆಳೆಯ ಮೊದಲು ಸಿಟ್ಟು ಮಾಡಿದನಂತೆ, ಊಟದ ಹೊತ್ತಿನವರೆಗೆ ಮಾತು ಬಿಟ್ಟನಂತೆ. ಆಮೇಲೆ ಇಬ್ಬರೂ ಸೇರಿ ರಟ್ಟಿನ ಕಿರೀಟ ಮಾಡುವುದೆಂದು ತೀರ್ಮಾನವಾಯಿತು. ಈಗ ನಮ್ಮ ಚಾವಡಿ ತುಂಬ ರಟ್ಟು, ಅಂಟು, ಬೇಗಡೆಯ ಚೂರು. ಮಾವನೇ ಬಂದು ಬೇಗಡೆ ಅಂಟಿಸುವುದು ಹೇಗೆಂದು ತೋರಿಸಿಕೊಟ್ಟರು.

ಈ ವಾರದ ಮನೆಗೆಲಸ: ಮಕ್ಕಳೇ, ನಿಮ್ಮ ಮನೆಯ ಅಥವಾ ಬೀದಿಯ ಹಿರಿಯರೊಬ್ಬರ ಹತ್ತಿರ ಹೋಗಿ, "ನಮ್ಮ ಊರಿಗೆ ಬಂದ ಎಲ್ಲಕ್ಕಿಂತ ದೊಡ್ಡ ನೆರೆ ಯಾವುದು? ನೀರು ಎಲ್ಲಿಯವರೆಗೆ ಬಂದಿತ್ತು? ಆಗ ನೀವು ಎಲ್ಲಿಗೆ ಹೋದಿರಿ?" ಎಂದು ಕೇಳಿ. ಕೇಳಿದ್ದನ್ನು ಒಂದು ಪುಟದಲ್ಲಿ ಬರೆದಿಡಿ. ನಮ್ಮ ನೇತ್ರಾವತಿಯ ದಂಡೆಯಲ್ಲಿ 1923ರ ನೆರೆ, 1974ರ ನೆರೆ ಎಂದು ಹಿರಿಯರು ಹೇಳುವುದಿತ್ತು. 1974ರದ್ದನ್ನು ಕಣ್ಣಾರೆ ಕಂಡವರು ಇನ್ನೂ ಇದ್ದಾರೆ. ಕಡಲಿನ ಊರಿನವರು ಗಾಳಿಯ ಕತೆ ಕೇಳಿ. ಬಯಲುಸೀಮೆಯವರು ಬರಗಾಲದ ಕತೆ ಕೇಳಿ, ಆಗ ಯಾವ ಬಾವಿ ಬತ್ತಲಿಲ್ಲ ಎಂದೂ ಕೇಳಿ.

ಅಜ್ಜ ಅಜ್ಜಿಯಂದಿರೇ, ಮಕ್ಕಳು ಕೇಳಲಿ ಎಂದು ಕಾಯಬೇಡಿ. ನಮ್ಮ ಮಾತು ಯಾರಿಗೆ ಬೇಕು ಎಂದು ಸುಮ್ಮನಾಗಬೇಡಿ. ಇವತ್ತು ರಾತ್ರಿ ಊಟಕ್ಕೆ ಕೂತಾಗಲೇ ಶುರು ಮಾಡಿ.

ಮುಂದಿನ ವಾರ ಸಿಗೋಣ. ಬರುತ್ತೇನೆ ಎಂದಿದ್ದೇನೆ, ಬರುತ್ತೇನೆ.

ನಿಮ್ಮ
ಟೀಚರಜ್ಜಿ